ಜ್ವರ ಕಾಣದ ನ್ಯುಮೋನಿಯಾ
(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣ)



ನಾನು ಇಂಜಿನಿಯರಿಂಗ್ ಪದವೀಧರ, ವೈದ್ಯನಲ್ಲ. ಆದರೂ ಈ ವಿಷಯವನ್ನು ನಾನೇ ಕೇಳಿ ಪಡೆದೆ. ಅದಕ್ಕೊಂದು ಕಾರಣವಿದೆ.

ಮೂತ್ರಪಿಂಡ ಕಸಿ ಮಾಡಿಸಿಕೊಂಡಿದ್ದ ಗ್ರಾಮಸ್ಥರೊಬ್ಬರು ಇ-ಸ್ವತ್ತು ನಮೂನೆಗಾಗಿ ನಮ್ಮ ಕಚೇರಿಗೆ ಬಂದಿದ್ದರು. ಒಣಕೆಮ್ಮು, ಏದುಸಿರು. ಮೈ ಮಾತ್ರ ಬಿಸಿಯಿರಲಿಲ್ಲ. "ಜ್ವರವಿಲ್ಲವಲ್ಲ, ಕಷಾಯ ಕುಡಿಯಿರಿ" ಎಂದು ಕಳುಹಿಸಿದವನು ನಾನೇ. ಕೋವಿಡ್ ಕಾಲದಲ್ಲಿ ಬಂದಿದ್ದ ಪಲ್ಸ್ ಆಕ್ಸಿಮೀಟರ್ ನನ್ನ ಬೆನ್ನ ಹಿಂದಿನ ಬೀರುವಿನಲ್ಲಿ ಸೆಲ್ ಸೋರಿ ಕೆಟ್ಟು ಬಿದ್ದಿತ್ತು. ನಾಲ್ಕನೆಯ ದಿನ 108 ವಾಹನವನ್ನು ಕರೆಸಬೇಕಾಯಿತು. ಇನ್‌ಫ್ಲುಯೆಂಜಾದಿಂದ ಉಂಟಾದ ನ್ಯುಮೋನಿಯಾ ಎಂದು ಪರೀಕ್ಷೆಯಲ್ಲಿ ತಿಳಿಯಿತು. ಅವರು ಬದುಕಿ ಬಂದರು. ಈಗಲೂ ಕಚೇರಿಯ ಮೆಟ್ಟಿಲಲ್ಲಿ ಒಮ್ಮೆ ನಿಂತು ಉಸಿರು ತೆಗೆದುಕೊಂಡೇ ಹತ್ತುತ್ತಾರೆ.

ಜ್ವರವೆಂಬುದು ವೈರಾಣುವಿನ ವಿರುದ್ಧ ನಮ್ಮ ದೇಹವೇ ಹೂಡುವ ಪ್ರತಿರೋಧದ ಫಲ. ಕಸಿ ಮಾಡಿದ ಅಂಗ ತಿರಸ್ಕೃತವಾಗದಿರಲೆಂದು ಸೇವಿಸುವ ಮಾತ್ರೆಗಳು, ಕೀಮೋಥೆರಪಿ, ದೀರ್ಘಕಾಲದ ಸ್ಟೀರಾಯ್ಡ್, ಚಿಕಿತ್ಸೆ ಪಡೆಯದ ಎಚ್‌ಐವಿ ಸೋಂಕು ಇವೆಲ್ಲವೂ ಆ ಪ್ರತಿರೋಧವನ್ನೇ ಕುಗ್ಗಿಸುತ್ತವೆ. ಆದ್ದರಿಂದ ರೋಗ ಪ್ರಬಲವಾಗಿದ್ದರೂ ಜ್ವರ ದುರ್ಬಲವಾಗಿರಬಹುದು. ಸೋಂಕು ಹೊರಗಿನಿಂದಲೇ ಬರಬೇಕೆಂದೂ ಇಲ್ಲ: ಹಿಂದೆಂದೋ ದೇಹ ಸೇರಿ ಸುಪ್ತವಾಗಿದ್ದ ಸೈಟೊಮೆಗಾಲೊವೈರಸ್ ಇಂಥವರಲ್ಲಿ ಮರಳಿ ಎಚ್ಚರಗೊಂಡು ಶ್ವಾಸಕೋಶವನ್ನು ಬಾಧಿಸಬಲ್ಲದು.

ಇನ್‌ಫ್ಲುಯೆಂಜಾಕ್ಕೆ ಓಸೆಲ್ಟಾಮಿವಿರ್ ಎಂಬ ಔಷಧವಿದೆ. ಲಕ್ಷಣ ಕಂಡ 48 ಗಂಟೆಗಳೊಳಗೆ ಆರಂಭಿಸಿದರೆ ಅದರ ಪ್ರಯೋಜನ ಹೆಚ್ಚು. ನಾನು ಕಳೆದದ್ದು ಆ ಗಂಟೆಗಳನ್ನೇ. ಔಷಧದಂಗಡಿಯಲ್ಲಿ ಕೇಳಿ ತರುವ ಆಂಟಿಬಯೋಟಿಕ್ ವೈರಾಣುವನ್ನು ಕೊಲ್ಲುವುದಿಲ್ಲ. ಆಕ್ಸಿಮೀಟರ್ 94ಕ್ಕಿಂತ ಕಡಿಮೆ ತೋರಿದರೆ ತಡಮಾಡದೆ ಆಸ್ಪತ್ರೆಗೆ ಕಳುಹಿಸಬೇಕು. ಅಂಕಿ ಸರಿಯಿದ್ದರೂ ಇಂಥವರಿಗೆ ಕೆಮ್ಮು, ಏದುಸಿರು ಕಂಡ ದಿನವೇ ವೈದ್ಯರ ತಪಾಸಣೆ ಆಗಬೇಕು. ಪ್ರತಿವರ್ಷದ ಇನ್‌ಫ್ಲುಯೆಂಜಾ ಚುಚ್ಚುಮದ್ದನ್ನು ರೋಗಿಯೊಡನೆ ಮನೆಯವರೂ ವೈದ್ಯರನ್ನು ಕೇಳಿ ಪಡೆಯುವುದು ಒಳಿತು.

ಕಳೆದ ಸಭೆಯಲ್ಲಿ ಸದಸ್ಯರೊಬ್ಬರು ಇಂಥ ರೋಗಿಗಳ ಪಟ್ಟಿ ಮಾಡಿ ಫಲಕಕ್ಕೆ ಹಚ್ಚೋಣವೆಂದರು. ಅವರ ಕಾಳಜಿ ನಿಜವಾದುದು, ಆದರೆ ಪಟ್ಟಿ ಬೇಡ. ಎಚ್‌ಐವಿ ಸೋಂಕಿತರ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಉಳಿದವರ ಕಾಯಿಲೆಯೂ ಊರಿನ ಸ್ವತ್ತಲ್ಲ. ಯಾರ ಮನೆಗೆ ಹೋಗಬೇಕೆಂಬುದು ಆಶಾ ಕಾರ್ಯಕರ್ತೆಗೆ ತಿಳಿದಿರುತ್ತದೆ. ಅವರ ಕೈಯಲ್ಲಿ ಕೆಲಸ ಮಾಡುವ ಆಕ್ಸಿಮೀಟರ್ ಇರುವಂತೆ ನಾವು ನೋಡಿಕೊಳ್ಳೋಣ. ಒಂದು ಜೊತೆ ಸೆಲ್ ಕೊಳ್ಳಲು ಸಾಮಾನ್ಯ ಸಭೆಯ ನಿರ್ಣಯಕ್ಕಾಗಿ ಯಾರೂ ಕಾಯಬೇಕಿಲ್ಲ. ಮಳೆಗಾಲದಲ್ಲಿ ಗ್ರಾಮಸಭೆ ನಡೆಸುವಾಗ ಸಭಾಂಗಣದ ಕಿಟಕಿಗಳನ್ನು ತೆರೆದಿಡಿ. ಕೆಮ್ಮುತ್ತಿರುವವರ ಅರ್ಜಿಯನ್ನು ಮನೆಗೇ ಹೋಗಿ ಪಡೆಯುವಂತೆ ನಮ್ಮ ಕರವಸೂಲಿಗಾರರಿಗೆ ಈಗಾಗಲೇ ತಿಳಿಸಿದ್ದೇನೆ.