ವೇಷ ಹಾಕಲಾರದವರ ಗತಿ

ಆಲಮಟ್ಟಿಯ ಹಿನ್ನೀರು ಕಂಡ ಬೀಳಗಿ, ಜಮಖಂಡಿ ಸೀಮೆಯವರಿಗೆ ಜಪಾನಿನ ಈ ಕಾರ್ಟೂನ್ ಚಿತ್ರದ ಕಥೆ ಹೊಸದೆನಿಸದು. ಇಸಾವೊ ತಕಹಾತ ನಿರ್ದೇಶಿಸಿದ ‘ಪೊಮ್ ಪೊಕೊ’ ತೆರೆ ಕಂಡದ್ದು 1994ರಲ್ಲಿ. ಟೋಕಿಯೊ ಸಮೀಪದ ತಾಮಾ ಗುಡ್ಡಗಳನ್ನು ಅಗೆದು ಹೊಸ ನಗರ ಕಟ್ಟುವಾಗ ಅಲ್ಲಿನ ‘ತನುಕಿ’ಗಳು ಹೋರಾಟಕ್ಕೆ ಇಳಿಯುತ್ತವೆ. ಇವು ನಾಯಿ, ನರಿಗಳ ಕುಲದವು. ವೇಷ ಬದಲಿಸುತ್ತವೆಂಬುದು ಅಲ್ಲಿನ ಜನಪದರ ನಂಬಿಕೆ.

ಜನರನ್ನು ಹೆದರಿಸಲು ಅವು ಭೂತಗಳ ಮೆರವಣಿಗೆ ಹೊರಡಿಸುತ್ತವೆ. ಜನ ಅದನ್ನು ಜಾತ್ರೆಯಂತೆ ನೋಡಿ ನಲಿಯುತ್ತಾರೆ. ಮನರಂಜನಾ ಪಾರ್ಕಿನ ಮಾಲೀಕನೊಬ್ಬ ಅದು ತನ್ನದೇ ಪ್ರಚಾರವೆಂದು ಹೇಳಿಕೊಳ್ಳುತ್ತಾನೆ!

ಸೋತ ಕೆಲವು ತನುಕಿಗಳು ಮನುಷ್ಯರ ವೇಷದಲ್ಲಿ ನಗರ ಸೇರುತ್ತವೆ. ವೇಷ ಹಾಕಲಾರದ ಮೊಲಗಳ ಗತಿಯೇನೆಂದು ಕೊನೆಗೊಂದು ತನುಕಿ ನೋಡುಗರನ್ನೇ ಕೇಳುತ್ತದೆ. ಇದು ಬರೀ ಉಪದೇಶವೆಂದು ಕೆಲವು ಪ್ರೇಕ್ಷಕರ ಆಕ್ಷೇಪ. ಚಿತ್ರದ ಜೀವವೇ ಇದೆಂದು ಉಳಿದವರ ವಾದ.

1964ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿ ಅಣೆಕಟ್ಟೆಯ ನೀರು ಬರದ ಹೊಲಗಳಿಗೆ ಬೇಕೇ ಇತ್ತು. ಅದೇ ನೀರು ಕೃಷ್ಣೆಯ ದಂಡೆಯ ಊರುಗಳನ್ನು ನುಂಗಿತು. ತಾಮಾದಲ್ಲಿಯೂ ಮನೆ ಬೇಕಾದವರು ರಾಕ್ಷಸರಲ್ಲ. ಹೊಲವಿದ್ದವನಿಗೆ ಪರಿಹಾರದ ಲೆಕ್ಕವಾದರೂ ಉಂಟು. ಆ ಹೊಲದಲ್ಲಿ ಕೂಲಿ ಮಾಡಿದವನು ಯಾವ ವೇಷ ಹಾಕಬೇಕು? ತನುಕಿಯ ಪ್ರಶ್ನೆ ಉಪದೇಶವೋ ಅಲ್ಲವೋ, ಅವನನ್ನು ಕೇಳಿ ತೀರ್ಮಾನಿಸುವುದು ಲೇಸು.