ಮರದಿಂದ ಬಿದ್ದವನಿಗೆ ಸಲ್ಲಬೇಕಾದ ಪರಿಹಾರ

(ಬಳಗದ ಮಳೆಗಾಲದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪಶ್ಚಿಮ ಘಟ್ಟದ ಕುರಿತ ಸಭೆಗಳಲ್ಲಿ ಸೊಪ್ಪಿನ ಬೆಟ್ಟ, ಹಳ್ಳ, ಜೇನು, ಕಾಡುಮಾವಿನ ಮಾತು ಬರುತ್ತದೆ. ಈ ನೆಲದ ತೋಟಗಾರಿಕೆ ಯಾರ ಕೈಕಾಲುಗಳ ಮೇಲೆ ನಿಂತಿದೆಯೋ ಅವರ ಮಾತು ಬರುವುದು ಅಪರೂಪ. ಪರಿಸರದ ಲೆಕ್ಕದಲ್ಲಿ ಮರಕ್ಕೆ ಸ್ಥಾನವಿದ್ದು ಮರ ಏರುವವನಿಗೆ ಸ್ಥಾನವಿಲ್ಲದಿದ್ದರೆ ಆ ಲೆಕ್ಕ ಅಪೂರ್ಣ.

ಅಡಿಕೆಯ ಕೊಳೆರೋಗ ಎಡೆಬಿಡದ ಮಳೆಯಲ್ಲಿ ಹಬ್ಬುವ ರೋಗ. ಅದನ್ನು ತಡೆಯಲು ಮುಂಗಾರಿನ ಆರಂಭದಲ್ಲೊಮ್ಮೆ, ಸುಮಾರು 40-45 ದಿನಗಳ ಅನಂತರ ಮತ್ತೊಮ್ಮೆ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸುವುದು ರೂಢಿ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮರ ಪಾಚಿಗಟ್ಟಿ ಜಾರುವ ಕಾಲವೇ ಮದ್ದು ಹೊಡೆಯುವ ಕಾಲವೂ ಹೌದು. ಮಳೆ ಬಿಡುವು ಕೊಟ್ಟ ನಾಲ್ಕು ಗಂಟೆಯಲ್ಲಿ ಇಡೀ ತೋಟ ಮುಗಿಯಬೇಕೆಂಬ ಅವಸರ ಅದಕ್ಕೆ ಸೇರುತ್ತದೆ. ಅಪಘಾತಕ್ಕೆ ಕೊನೆಗೌಡನ ಅಜಾಗರೂಕತೆಯೊಂದೇ ಕಾರಣವೆನ್ನುವುದು ಈ ಸಂದರ್ಭವನ್ನು ಮರೆತ ಮಾತು.

ನಲವತ್ತು ವಯಸ್ಸಿನ ಕೊನೆಗೌಡನೊಬ್ಬ ಮದ್ದು ಹೊಡೆಯುವಾಗ ಬಿದ್ದು ಸೊಂಟ ಮುರಿದುಕೊಂಡನೆಂದು ಭಾವಿಸೋಣ. ತೋಟದ ಒಡೆಯರು ಆಸ್ಪತ್ರೆಯ ಖರ್ಚು ಕೊಡುತ್ತಾರೆ. ಎರಡು ತಿಂಗಳಾದ ಮೇಲೆ ಊರ ಹಿರಿಯರು ಜಗಲಿಯಲ್ಲಿ ಕುಳಿತು ಐವತ್ತು ಸಾವಿರ ರೂಪಾಯಿ ಕೊಡಿಸಿ, ‘ಇನ್ನು ಯಾವ ಬಾಬ್ತೂ ಬಾಕಿಯಿಲ್ಲ’ ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುತ್ತಾರೆ. ಇದರಲ್ಲಿ ದುರುದ್ದೇಶ ಇರಬೇಕೆಂದೇನಿಲ್ಲ. ಅನೇಕ ವೇಳೆ ಸಂಕಟವೂ ಮಮತೆಯೂ ಇರುತ್ತದೆ. ಆದರೆ ಕಾನೂನಿನ ದೃಷ್ಟಿ ಬೇರೆ.

ಇಂಥ ಅಪಘಾತಗಳಿಗೆ 1923ರ ಪರಿಹಾರ ಕಾಯ್ದೆ ಬಹುಕಾಲ ಆಧಾರವಾಗಿತ್ತು. 2000ನೇ ಇಸವಿಯ ತಿದ್ದುಪಡಿ, ಬಿಡಿಗೆಲಸದ ಆಳೆಂಬ ಕಾರಣಕ್ಕೆ ಕೆಲವರನ್ನು ಹೊರಗಿಡುತ್ತಿದ್ದ ಮಾತನ್ನು ತೆಗೆದುಹಾಕಿತು. 2009ರ ತಿದ್ದುಪಡಿ ಚಿಕಿತ್ಸೆಯ ನಿಜವಾದ ವೆಚ್ಚವನ್ನು ಮಾಲೀಕ ಭರಿಸಬೇಕೆಂದಿತು. 2025ರ ನವೆಂಬರ್ 21ರಿಂದ ಈ ವಿಷಯ 2020ರ ಸಾಮಾಜಿಕ ಭದ್ರತಾ ಸಂಹಿತೆಯ ಒಂದು ಅಧ್ಯಾಯವಾಗಿದೆ. ತತ್ತ್ವ ಮಾತ್ರ ಬದಲಾಗಿಲ್ಲ: ದುಡಿಮೆಯಿಂದ, ದುಡಿಮೆಯ ಅವಧಿಯಲ್ಲಿ ಆದ ಗಾಯಕ್ಕೆ ಮಾಲೀಕನ ತಪ್ಪು ಇರಲಿ, ಇಲ್ಲದಿರಲಿ, ಪರಿಹಾರ ಸಲ್ಲಬೇಕು. ಆಸ್ಪತ್ರೆಯ ಬಿಲ್ಲು ಬೇರೆ, ಪರಿಹಾರ ಬೇರೆ. ಒಂದನ್ನು ತೋರಿಸಿ ಇನ್ನೊಂದನ್ನು ಕಳೆಯುವಂತಿಲ್ಲ.

ಎಷ್ಟು ಸಲ್ಲಬೇಕು? ಶಾಶ್ವತವಾದ ಪೂರ್ಣ ಅಶಕ್ತತೆಗೆ ತಿಂಗಳ ವೇತನದ ಶೇಕಡಾ 60ನ್ನು ವಯಸ್ಸಿಗೆ ನಿಗದಿಯಾದ ಗುಣಕದಿಂದ ಗುಣಿಸಬೇಕು. ನಲವತ್ತು ವರ್ಷಕ್ಕೆ ಆ ಗುಣಕ 184.17. ಲೆಕ್ಕಕ್ಕೆ ಹಿಡಿಯುವ ವೇತನ 15,000 ರೂಪಾಯಿ ಎಂದಾದರೆ 9,000ವನ್ನು 184.17ರಿಂದ ಗುಣಿಸಿ 16,57,530 ರೂಪಾಯಿ. ಗಳಿಕೆಯ ಸಾಮರ್ಥ್ಯ ಶೇಕಡಾ 40ರಷ್ಟು ನಷ್ಟವಾಗಿದೆಯೆಂದು ಅರ್ಹ ವೈದ್ಯರು ನಿರ್ಣಯಿಸಿದರೆ 6,63,012 ರೂಪಾಯಿ. ಜಗಲಿಯ ಐವತ್ತು ಸಾವಿರ ಎಲ್ಲಿ, ಇದೆಲ್ಲಿ!

ಗಮನಿಸಬೇಕಾದುದು, ಅಳೆಯುವುದು ಮೂಳೆಯ ನಷ್ಟವನ್ನಲ್ಲ, ಗಳಿಕೆಯ ನಷ್ಟವನ್ನು. ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ ಚಿತ್ರಮಂದಿರದ ಅಲಂಕಾರಿಕ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬ ಬಿದ್ದು ಎಡಗೈಯನ್ನು ಕಳೆದುಕೊಂಡಿದ್ದ. ಒಂದೇ ಕೈಯಲ್ಲಿ ಬಡಗಿತನ ಸಾಧ್ಯವಿಲ್ಲವಾದ್ದರಿಂದ ಸುಪ್ರೀಂ ಕೋರ್ಟು ಅದನ್ನು ಪೂರ್ಣ ಅಶಕ್ತತೆ ಎಂದೇ ಎತ್ತಿಹಿಡಿಯಿತು. ಪರಿಹಾರದ ಹೊಣೆ ಅಪಘಾತವಾದ ದಿನದಿಂದಲೇ ಹುಟ್ಟುತ್ತದೆ ಎಂದೂ ಹೇಳಿತು. ಕುಂಟುತ್ತ ನಡೆಯಬಲ್ಲ, ಆದರೆ ಇನ್ನೆಂದೂ ತಳೆ ಹಾಕಲಾರದ ಕೊನೆಗೌಡನ ಅರ್ಜಿಗೆ ಈ ತೀರ್ಪು ದಾರಿದೀಪ.

ರಾಜಿ ಮಾಡಿಕೊಳ್ಳಬಾರದೆಂದಲ್ಲ. ರಾಜಿಪತ್ರವನ್ನು ಪರಿಹಾರದ ಪ್ರಾಧಿಕಾರದ ಮುಂದೆ ನೋಂದಾಯಿಸಬೇಕು. ಮೊತ್ತ ಸಾಲದೆಂದಾಗಲಿ, ಒತ್ತಡದಿಂದ ಬರೆಸಿಕೊಂಡದ್ದೆಂದಾಗಲಿ ಕಂಡರೆ ಪ್ರಾಧಿಕಾರ ಅದನ್ನು ನಿರಾಕರಿಸಬಹುದು. ನೋಂದಾಯಿಸದೆ ಕೊಟ್ಟ ಹಣದಲ್ಲಿ, ಪ್ರಾಧಿಕಾರ ಬೇರೆ ರೀತಿ ಆದೇಶಿಸದ ಹೊರತು, ಅರ್ಧಕ್ಕಿಂತ ಹೆಚ್ಚನ್ನು ಮಾಲೀಕ ಅಂತಿಮ ಪರಿಹಾರದಿಂದ ಕಳೆಯುವಂತಿಲ್ಲ. ಒಂದು ತಿಂಗಳು ಮೀರಿದರೆ ಶೇಕಡಾ 12ರ ಬಡ್ಡಿ. ಸಕಾರಣವಿಲ್ಲದ ವಿಳಂಬಕ್ಕೆ ಮೊತ್ತದ ಅರ್ಧದವರೆಗೆ ದಂಡ. ಹೀಗಾಗಿ ಹೆಬ್ಬೆಟ್ಟಿನ ಕಾಗದ ತೋಟದ ಒಡೆಯನನ್ನೂ ಕಾಯುವುದಿಲ್ಲ. ಕಾರ್ಮಿಕನ ಕಡೆಯ ಮಿತಿ ಎರಡು ವರ್ಷ. ‘ಗುಣವಾಗಲಿ, ಆಮೇಲೆ ನೋಡೋಣ’ ಎನ್ನುತ್ತ ಆ ಕಾಲ ಜಾರಿಹೋಗುತ್ತದೆ.

ತೊಡಕುಗಳೂ ಇವೆ. ಕೃಷಿಯ ಎಲ್ಲ ಕೆಲಸಗಳೂ ತಾವಾಗಿಯೇ ಕಾನೂನಿನ ಪಟ್ಟಿಯೊಳಗೆ ಬರುವುದಿಲ್ಲ. ಕೃಷಿಯಲ್ಲಿ ಪೀಡೆನಾಶಕ ಸಿಂಪಡಣೆ ಆ ಪಟ್ಟಿಯಲ್ಲಿದೆ. ಮದ್ದು ಹೊಡೆಯುವವನಿಗೆ ಅದು ಆಸರೆ. ಕೊನೆ ಇಳಿಸುವಾಗ ಬಿದ್ದವನು ತನ್ನ ಕೆಲಸ ಯಾವ ನಮೂದಿನೊಳಗೆ ಬರುತ್ತದೆಂದು ಸಮರ್ಥಿಸಬೇಕಾಗುತ್ತದೆ. ಫಸಲನ್ನು ಚೇಣಿಗೆ ಕೊಟ್ಟಿದ್ದರೆ ಮಾಲೀಕ ಯಾರು, ಚೇಣಿದಾರನೋ ತೋಟದವರೋ ಎಂಬ ವಾದ ಏಳುತ್ತದೆ. ಕೊನೆಗೌಡ ತಾನೇ ಗುತ್ತಿಗೆ ಹಿಡಿದವನೆಂಬ ವಾದವೂ ಬರುತ್ತದೆ. ಇವುಗಳಿಗೆ ಉತ್ತರ ದಿನಗೂಲಿಯ ಒಂದು ಚಿಕ್ಕ ಪುಸ್ತಕದಲ್ಲಿದೆ: ದಿನಾಂಕ, ಕೆಲಸ, ಕೊಟ್ಟವರ ಹೆಸರು, ಮೊತ್ತ. ಆಸ್ಪತ್ರೆಗೆ ಸೇರಿಸುವಾಗ ‘ಮನೆಯಲ್ಲಿ ಬಿದ್ದದ್ದು’ ಎಂದು ಬರೆಸದೆ ನಡೆದದ್ದನ್ನೇ ಬರೆಸಬೇಕು.

ಎರಡು ಎಕರೆಯ ತೋಟದವರು ಆರು ಲಕ್ಷ ಎಲ್ಲಿಂದ ತರಬೇಕು ಎಂಬ ಪ್ರಶ್ನೆ ನ್ಯಾಯವಾದುದೇ. ಉತ್ತರ ವಿಮೆ. ಮಾಲೀಕನ ಈ ಹೊಣೆಗೆ ವಿಮಾ ಪಾಲಿಸಿಗಳು ದೊರೆಯುತ್ತವೆ. ತೆಂಗಿನ ಮರ ಏರುವವರಿಗೆ ತೆಂಗು ಅಭಿವೃದ್ಧಿ ಮಂಡಳಿ ‘ಕೇರ ಸುರಕ್ಷಾ’ ವಿಮೆಯನ್ನು ರೂಪಿಸಿದೆ. ಮೈಲುತುತ್ತವನ್ನು ಒಟ್ಟಾಗಿ ಕೊಳ್ಳುವ ಸೊಸೈಟಿಗಳಿಗೆ ವಿಮೆಯನ್ನು ಒಟ್ಟಾಗಿ ಮಾಡಿಸುವುದು ಅಸಾಧ್ಯವಲ್ಲ. ನೆಲದಿಂದಲೇ ಮದ್ದು ಹೊಡೆಯುವ ಉದ್ದನೆಯ ದೋಟಿಗಳು ಬಂದಿವೆ. ಏರಲೇಬೇಕಾದಲ್ಲಿ ಸುರಕ್ಷಾ ಹಗ್ಗ ಕಡ್ಡಾಯವಾಗಲಿ.

ಈ ಮಳೆಗಾಲದಲ್ಲಿ ಬಳಗ ಕೈಗೊಳ್ಳಬಹುದಾದ ಕೆಲಸ ಮೂರು: ಪ್ರತಿ ಊರಿನಲ್ಲಿ ಮರ ಏರುವವರ ಪಟ್ಟಿ, ಅವರ ಕೈಗೆ ಕೂಲಿ ಪುಸ್ತಕ, ಸೊಸೈಟಿಯ ಮುಂದೆ ವಿಮೆಯ ಪ್ರಸ್ತಾಪ. ಮರ ಏರುವ ಕೆಲಸವನ್ನು ಪಟ್ಟಿಯಲ್ಲಿ ಸ್ಪಷ್ಟವಾಗಿ ಹೆಸರಿಸಬೇಕೆಂಬ ಬೇಡಿಕೆ ಸರ್ಕಾರಕ್ಕೆ ಹೋಗಲಿ. ಮುಂದಿನ ಸಿಂಪಡಣೆಗೆ ಉಳಿದಿರುವುದು ಕೆಲವೇ ವಾರ.