ಮನೆಯ ಮೊಲಕ್ಕೆ ಹಲ್ಲಿನ ಬೇನೆ



ಹಸು ಎಮ್ಮೆಗಳ ಕಾಲುಬಾಯಿ ಜ್ವರ, ಕುರಿಗಳ ಜಂತುಹುಳು, ಕೋಳಿಗಳ ಕೊಕ್ಕರೆ ರೋಗ, ಇವುಗಳ ವಿಷಯ ಈ ಹೊತ್ತಿನಲ್ಲಿ ನೀವು ಎಷ್ಟೋ ಸಲ ಕೇಳಿದ್ದೀರಿ. ಈ ದಿನ ನಾನು ಹೇಳಬೇಕೆಂದಿರುವುದು ಮೊಲದ ವಿಷಯ. ಅದೂ ವ್ಯಾಪಾರಕ್ಕೆ ಸಾಕಿದ ಮೊಲವಲ್ಲ. ಮಕ್ಕಳು ಆಸೆಪಟ್ಟು ಸಾಕಿ, ಕಾಯಿಲೆ ಬಿದ್ದು, ವರ್ಷಗಟ್ಟಲೆ ವಾಸಿಯಾಗದೆ ಉಳಿದ ಮನೆಯ ಮೊಲ. "ಮೊಲಕ್ಕೂ ಒಂದು ಭಾಷಣವೆ ಸ್ವಾಮಿ?" ಎಂದು ನೀವು ನಗಬಹುದು. ನಗಿ, ಚಿಂತೆಯಿಲ್ಲ. ನಾನೂ ಮೊದಲು ನಕ್ಕವನೇ.

ಮೊದಲೇ ಒಂದು ಮಾತು. ನಾನು ಪಶುವೈದ್ಯನಲ್ಲ. ಕೃಷಿ ಡಿಪ್ಲೊಮಾ ಓದಿ ವಿಸ್ತರಣಾ ಕೆಲಸದಲ್ಲಿರುವವನು. ಇಲ್ಲಿ ಹೇಳುವುದರಲ್ಲಿ ಅರ್ಧ ವೈದ್ಯರಿಂದ ಕಲಿತದ್ದು. ಇನ್ನರ್ಧ ನನ್ನ ತಪ್ಪಿನಿಂದ ಕಲಿತದ್ದು.

2021ರಲ್ಲಿ ನನ್ನ ಮಗಳ ಹಟಕ್ಕೆ ಸೋತು ಸಂತೆಯಿಂದ ಒಂದು ಬಿಳಿ ಹೆಣ್ಣು ಮೊಲ ತಂದೆ. ಮಗು ಅದಕ್ಕೆ ಹತ್ತಿ ಎಂದು ಹೆಸರಿಟ್ಟಳು. ಆರೇಳು ತಿಂಗಳಾಗುವ ಹೊತ್ತಿಗೆ ಹತ್ತಿಯ ಕೆಳಗಿನ ಬಾಚಿಹಲ್ಲುಗಳು ತುಟಿಯಿಂದ ಹೊರಗೆ ಕೊಕ್ಕೆಯ ಹಾಗೆ ಬಂದವು. ಪರಿಚಯದವರೊಬ್ಬರು, "ಅದೇನು ಮಹಾ, ನೇಲ್ ಕಟರ್ ತಗೊಂಡು ಕತ್ತರಿಸಿ ಹಾಕಿ" ಅಂದರು. ನಾನು ಕತ್ತರಿಸಿದೆ. ಟಕ್ಕೆಂದು ಸದ್ದಾಯಿತು, ಮೊಲ ಒದ್ದುಕೊಂಡಿತು, ಹಲ್ಲು ಚಿಕ್ಕದಾಯಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ. ಮೂರನೆಯ ಸಲ ಕತ್ತರಿಸಿದ ಮೇಲೆ ಗದ್ದದ ಕೆಳಗೆ ಅಡಿಕೆ ಗಾತ್ರದ ಗಂಟು ಎದ್ದಿತು. ಹಲ್ಲು ಉದ್ದಕ್ಕೆ ಸೀಳಿ, ಬೇರಿನವರೆಗೆ ನಂಜಾಗಿತ್ತು. ಒಂದು ಕಿಲೋ ಒಂಬೈನೂರು ಗ್ರಾಂ ಇದ್ದ ಮೊಲ ಒಂದು ಕಿಲೋ ನಾನೂರಕ್ಕೆ ಇಳಿಯಿತು. ವೈದ್ಯರು ಆ ಹಲ್ಲನ್ನೂ ಗಂಟನ್ನೂ ತೆಗೆದರು. ಜೀವ ಉಳಿಯಿತು. ಆದರೆ ದವಡೆ ಹಲ್ಲುಗಳೂ ಓರೆಯಾಗಿದ್ದುದರಿಂದ ಬೇನೆ ಮಾತ್ರ ಉಳಿದೇ ಉಳಿಯಿತು.

ಇದಕ್ಕೆ ಕಾರಣ ತಿಳಿಯಬೇಕಾದರೆ ಮೊಲದ ಬಾಯಿಯನ್ನು ಅರಿಯಬೇಕು. ಮೊಲಕ್ಕೆ 28 ಹಲ್ಲುಗಳು. ಮುಂದೆ ಮೇಲೆ ನಾಲ್ಕು, ಕೆಳಗೆ ಎರಡು. ಮೇಲಿನ ನಾಲ್ಕರಲ್ಲಿ ಎರಡು ಕಡ್ಡಿಯಷ್ಟು ಸಣ್ಣವು, ದೊಡ್ಡವುಗಳ ಬೆನ್ನಿಗಿರುತ್ತವೆ. ಉಳಿದ 22 ದವಡೆ ಹಲ್ಲುಗಳು. ನಮ್ಮ ಹಲ್ಲಿನಂತೆ ಇವು ಬೆಳೆದು ನಿಲ್ಲುವುದಿಲ್ಲ. ಮೊಲ ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ಮೇಲಿನ ಹಲ್ಲು ಕೆಳಗಿನದಕ್ಕೆ ಉಜ್ಜಿ, ಹುಲ್ಲನ್ನು ಅಗಿದು ಅಗಿದು, ಬೆಳೆದಷ್ಟೂ ಸವೆಯಬೇಕು. ದವಡೆ ಓರೆಯಾಗಿದ್ದರೆ, ಅಥವಾ ಅಗಿಯಲು ನಾರಿನ ಮೇವು ಸಾಲದಿದ್ದರೆ, ಸವೆತ ನಿಲ್ಲುತ್ತದೆ, ಬೆಳೆ ನಿಲ್ಲುವುದಿಲ್ಲ. ಬೀಸುವ ಕಲ್ಲಿನ ಮೇಲಿನ ಹೋಳು ಸರಿಯಾಗಿ ಕೂರದಿದ್ದರೆ ಹಿಟ್ಟು ಹೇಗಾದೀತು? ಹಾಗೆಯೇ ಇದು.

ಹೊರಗೆ ಕಾಣುವ ಬಾಚಿಹಲ್ಲಿಗಿಂತ ಒಳಗಿನ ದವಡೆ ಹಲ್ಲು ಹೆಚ್ಚು ಕಾಟ ಕೊಡುತ್ತದೆ. ಅದರ ಅಂಚು ಮುಳ್ಳಿನಂತಾಗಿ ನಾಲಿಗೆಗೋ ಕೆನ್ನೆಗೋ ಚುಚ್ಚುತ್ತದೆ. ಆದರೆ ಮೊಲ ಕೂಗುವುದಿಲ್ಲ. ನರಿ, ನಾಯಿ, ಹದ್ದುಗಳಿಗೆ ಆಹಾರವಾಗುವ ಪ್ರಾಣಿ ತನ್ನ ನೋವನ್ನು ತೋರಿಸದೆ ಮುಚ್ಚಿಡುತ್ತದೆ. ಆದುದರಿಂದ ನಾವೇ ನೋಡಿ ತಿಳಿಯಬೇಕು. ನೋಡತಕ್ಕ ಗುರುತುಗಳು ಇವು: ಜೊಲ್ಲು ಸುರಿದು ಗದ್ದ ಒದ್ದೆಯಾಗುವುದು, ಒಂದು ಕಣ್ಣಲ್ಲಿ ನೀರು ಸುರಿಯುವುದು, ಹುಲ್ಲಿನ ಹತ್ತಿರ ಬಂದು, ಬಾಯಿಗೆ ತೆಗೆದುಕೊಂಡು, ಕೆಳಗೆ ಬೀಳಿಸುವುದು, ಗಟ್ಟಿ ಮೇವು ಬಿಟ್ಟು ಮೆತ್ತಗಿನದನ್ನೇ ಹುಡುಕುವುದು, ಮೂಲೆಯಲ್ಲಿ ಮುದುರಿ ಕುಳಿತು ಕಟಕಟ ಹಲ್ಲು ಕಡಿಯುವುದು, ಹಿಕ್ಕೆ ಸಣ್ಣದಾಗುವುದು, ಕಡಿಮೆಯಾಗುವುದು. ಕಣ್ಣಿನ ನೀರಿಗೂ ಹಲ್ಲಿಗೂ ಏನು ಸಂಬಂಧ ಅಂತೀರಾ? ಮೇಲಿನ ಹಲ್ಲಿನ ಬೇರು ಉದ್ದವಾಗಿ ಕಣ್ಣೀರು ಇಳಿಯುವ ನಾಳವನ್ನು ಒತ್ತುತ್ತದೆ. ಅಷ್ಟೇ.

ಹಾಗಾದರೆ ಏನು ಮಾಡಬೇಕು?

ಮೊದಲನೆಯದಾಗಿ, ಮಾಡಬಾರದ್ದನ್ನು ಹೇಳುತ್ತೇನೆ. ನೇಲ್ ಕಟರ್, ಇಕ್ಕಳ, ಕತ್ತರಿ, ಯಾವುದನ್ನೂ ಹಲ್ಲಿಗೆ ಹಚ್ಚಬೇಡಿ. ಹಲ್ಲಿನ ಡಾಕ್ಟರ ಬಳಿ ಇರುವಂಥ ತಿರುಗುವ ಉಪಕರಣದಿಂದ ಪಶುವೈದ್ಯರು ಹಲ್ಲನ್ನು ಸವೆಸುತ್ತಾರೆ. ಬಾಚಿಹಲ್ಲಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಕ್ಕೊಮ್ಮೆ ಬೇಕಾಗುತ್ತದೆ. ಪದೇ ಪದೇ ಈ ತೊಂದರೆ ಬೇಡವೆಂದರೆ ಬಾಚಿಹಲ್ಲುಗಳನ್ನು ಪೂರ್ತಿ ಕಿತ್ತುಬಿಡುವುದೂ ಉಂಟು. ಹೆಚ್ಚಿ ಕೊಟ್ಟ ಹುಲ್ಲು ಸೊಪ್ಪನ್ನು ಮೊಲ ತುಟಿಯಿಂದಲೇ ಎತ್ತಿ ತಿನ್ನಲು ಕಲಿಯುತ್ತದೆ. ದವಡೆ ಹಲ್ಲಿಗೆ ಮಾತ್ರ ಅರಿವಳಿಕೆ ಬೇಕು. ನಮಗೆ ಆಪರೇಷನ್ ಆಗುವ ಮುಂಚೆ ಉಪವಾಸ ಇಡುತ್ತಾರಲ್ಲ, ಅದೇ ರೂಢಿಯಲ್ಲಿ ಮೊಲವನ್ನು ರಾತ್ರಿಯೆಲ್ಲಾ ಉಪವಾಸ ಕೆಡವಬೇಡಿ. ಮೊಲಕ್ಕೆ ವಾಂತಿಯಾಗುವುದಿಲ್ಲ, ಉಪವಾಸವೇ ಅದಕ್ಕೆ ಅಪಾಯ. ಹಾಗೆಯೇ ದನದ ಬಾವನ್ನು ಸೀಳಿ ಕೀವು ಹರಿಸಿದಂತೆ ಇದರ ಗಂಟನ್ನು ಮನೆಯಲ್ಲಿ ಸೀಳಬಾರದು. ಮೊಲದ ಕೀವು ಬೆಣ್ಣೆಯಂತೆ ಗಟ್ಟಿ, ಹರಿದು ಹೋಗುವುದಿಲ್ಲ.

ಔಷಧದಲ್ಲೂ ಎಚ್ಚರಿಕೆ. ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್ ಜಾತಿಯ ಮದ್ದುಗಳನ್ನು ಮೊಲಕ್ಕೆ ಬಾಯಿಂದ ಕೊಟ್ಟರೆ ಕರುಳಿನ ಒಳ್ಳೆಯ ಜೀವಾಣುಗಳು ಸತ್ತು, ಕೆಟ್ಟವು ಹೆಚ್ಚಿ, ಭೇದಿಯಾಗಿ ಪ್ರಾಣವೇ ಹೋಗಬಹುದು. ಮಗುವಿಗೆ ತಂದ ಔಷಧಿ ಮಿಕ್ಕಿದೆಯೆಂದು ಎರಡು ತೊಟ್ಟು ಹಾಕುವವರಿದ್ದಾರೆ. ದಯವಿಟ್ಟು ಹಾಕಬೇಡಿ.

ಎರಡನೆಯದಾಗಿ, ಮೇವು. ಮೊಲದ ಹೊಟ್ಟೆಗೆ ಬಹುಪಾಲು ಹೋಗಬೇಕಾದುದು ಹುಲ್ಲು. ನಮ್ಮ ಬದುಗಳಲ್ಲಿ ಬೆಳೆಯುವ ಗರಿಕೆಗಿಂತ ಒಳ್ಳೆಯದು ಬೇಕಿಲ್ಲ. ಹಸಿಯದನ್ನೂ ಕೊಡಿ, ನೆರಳಲ್ಲಿ ಒಣಗಿಸಿ ಇಟ್ಟು ಬೇಸಿಗೆಯಲ್ಲೂ ಕೊಡಿ. ಆದರೆ ಕಳೆನಾಶಕವನ್ನೋ ಕೀಟನಾಶಕವನ್ನೋ ಹೊಡೆದ ಹೊಲದ ಬದುವಿನ ಹುಲ್ಲು ಬೇಡವೇ ಬೇಡ. ಜೊತೆಗೆ ಒಂದು ಹಿಡಿ ಕೊತ್ತಂಬರಿ, ಮೂಲಂಗಿ ಸೊಪ್ಪು, ಕ್ಯಾರೆಟ್ ಸೊಪ್ಪು ಇರಲಿ. ಕುದುರೆಮೆಂತೆ, ಅಂದರೆ ಲೂಸರ್ನ್, ಮರಿಗೆ ಒಳ್ಳೆಯದು. ಬೆಳೆದ ಮೊಲಕ್ಕೆ ಅದೇ ಮುಖ್ಯ ಮೇವಾಗಬಾರದು. ಅನ್ನ, ರೊಟ್ಟಿ, ಬಿಸ್ಕತ್ತು, ಕಡಲೆ ಹಾಕಿ ಮುದ್ದು ಮಾಡುವುದು ಮುದ್ದಲ್ಲ. ಹಲ್ಲು ಸವೆಯುವುದಿಲ್ಲ, ಹೊಟ್ಟೆಯೂ ಕೆಡುತ್ತದೆ.

ಮೂರನೆಯದು ದಿನದ ಲೆಕ್ಕ. ಇದೇ ಎಲ್ಲಕ್ಕಿಂತ ಮುಖ್ಯ. ನನ್ನ ಮಗಳ ಶಾಲೆಯ ಹಳೆಯ ನೋಟ್‌ಬುಕ್ ಒಂದರಲ್ಲಿ ಗೆರೆ ಹಾಕಿದ್ದೇವೆ. ಬೆಳಿಗ್ಗೆ ಗೂಡು ಗುಡಿಸುವಾಗ ಹಿಕ್ಕೆ ನೋಡುವುದು: ದುಂಡಗೆ, ಒಂದೇ ಗಾತ್ರಕ್ಕೆ, ರಾಶಿಯಾಗಿ ಇದೆಯೆ? ರಾತ್ರಿ ಇಟ್ಟ ಹುಲ್ಲು ಎಷ್ಟು ಉಳಿದಿದೆ? ನೀರು ಕುಡಿದಿದೆಯೆ? ಗದ್ದ ಒಣಗಿದೆಯೆ? ಭಾನುವಾರ ಅಡುಗೆಮನೆಯ ತೂಕದ ಯಂತ್ರದ ಮೇಲೆ ಬುಟ್ಟಿಯಲ್ಲಿಟ್ಟು ತೂಗುವುದು. ಎರಡು ಕಿಲೋದ ಮೊಲ ಒಂದು ವಾರದಲ್ಲಿ ನೂರು ಗ್ರಾಂ ಇಳಿದರೆ ಕಣ್ಣಿಗೆ ಕಾಣುವುದಿಲ್ಲ, ಪುಸ್ತಕಕ್ಕೆ ಕಾಣುತ್ತದೆ. ಎರಡು ಸಲ ಈ ಪುಸ್ತಕವೇ ನಮ್ಮನ್ನು ಸಮಯಕ್ಕೆ ಸರಿಯಾಗಿ ಆಸ್ಪತ್ರೆಗೆ ಕಳಿಸಿದೆ.

ಮೊಲ ಅರ್ಧ ದಿನ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ, ನಾಳೆ ನೋಡೋಣ ಅನ್ನಬೇಡಿ. ಕರುಳಿನ ಓಟ ನಿಂತರೆ ಮೊಲ ಉಳಿಯುವುದು ಕಷ್ಟ. ಕೂಡಲೇ ವೈದ್ಯರನ್ನು ಕಾಣಬೇಕು. ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ದರೆ ವೈದ್ಯರು ನೋಡುವ ಮುಂಚೆ ಬಾಯಿಗೆ ಏನನ್ನೂ ತುರುಕಬಾರದು. ಉಬ್ಬರವಿಲ್ಲ, ನೋವಿನಿಂದ ತಿನ್ನುತ್ತಿಲ್ಲ, ಕೈಯಿಂದ ತಿನ್ನಿಸಿ ಎಂದು ವೈದ್ಯರು ಹೇಳಿದರೆ, ಮೊಲದ ಗುಳಿಗೆ ಮೇವನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ, ನುಣ್ಣಗೆ ಕಲಸಿ, ಸೂಜಿ ತೆಗೆದ ಸಿರಿಂಜಿನಲ್ಲಿ ತುಂಬಿ. ಬಾಚಿಹಲ್ಲಿನ ಹಿಂದೆ ಹಲ್ಲಿಲ್ಲದ ಸಂದು ಇದೆ. ಬಾಯಿಯ ಪಕ್ಕದಿಂದ ಅಲ್ಲಿ ತೂರಿಸಿ. ಒಂದು ಸಲಕ್ಕೆ ಒಂದು ಮಿಲಿಲೀಟರ್ ಮಾತ್ರ. ಅಗಿದು ನುಂಗಿದ ಮೇಲೆ ಮುಂದಿನದು. ಮೊಲವನ್ನು ಅಂಗಾತ ಮಲಗಿಸಬೇಡಿ, ಉಸಿರಿಗೆ ಸಿಕ್ಕೀತು. ದಿನಕ್ಕೆ ನಾಲ್ಕೈದು ಸಲ ಹೀಗೆ ಕೊಡಬೇಕಾಗುತ್ತದೆ. ತಾಳ್ಮೆ ಬೇಕು. ನಮ್ಮ ತಾಯಿಯವರು ಈ ಕೆಲಸದಲ್ಲಿ ನನಗಿಂತ ವಾಸಿ. ಸೆರಗಿನಲ್ಲಿ ಸುತ್ತಿಕೊಂಡು ಕೂತರೆ ಅರ್ಧ ಗಂಟೆ ಕದಲುವುದಿಲ್ಲ.

ನಾಲ್ಕನೆಯದು, ಚೊಕ್ಕಟ. ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಗಟ್ಟಿಯದು ಬಿಡುವ ಹಿಕ್ಕೆ. ಮೆತ್ತಗೆ ದ್ರಾಕ್ಷಿಗೊಂಚಲಿನಂತಿರುವುದನ್ನು ಅದೇ ಬಾಯಿ ಹಾಕಿ ತಿನ್ನುತ್ತದೆ. ಅಸಹ್ಯಪಡಬೇಡಿ, ಅದರಲ್ಲಿ ಅದಕ್ಕೆ ಬೇಕಾದ ಸತ್ವವಿದೆ. ಹಲ್ಲುನೋವಿನ ಮೊಲಕ್ಕೆ ಅದನ್ನು ತಿನ್ನಲೂ ಆಗದೆ, ಮೈ ನೆಕ್ಕಿಕೊಳ್ಳಲೂ ಆಗದೆ, ಹಿಂಭಾಗಕ್ಕೆ ಮೆತ್ತಿಕೊಳ್ಳುತ್ತದೆ. ನೊಣ ಮೊಟ್ಟೆಯಿಟ್ಟರೆ ಒಂದು ದಿನದಲ್ಲಿ ಹುಳುವಾಗುತ್ತದೆ. ದಿನಕ್ಕೆರಡು ಸಲ ಬಾಲದ ಕೆಳಗೆ ನೋಡಿ. ಕೊಳಕಾದ ಕಡೆ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಮೈಗೆಲ್ಲಾ ಸ್ನಾನ ಮಾಡಿಸಬೇಡಿ. ಬೇಸಿಗೆಯಲ್ಲಿ ನೆರಳು, ಗಾಳಿ, ತಣ್ಣೀರು ಇರಲಿ. ಎತ್ತುವಾಗ ಕಿವಿ ಹಿಡಿಯಬೇಡಿ. ಎದೆಗೊಂದು ಕೈ, ಹಿಂಗಾಲಿಗೊಂದು ಕೈ ಕೊಡಿ. ಒದ್ದುಕೊಂಡರೆ ಬೆನ್ನೆಲುಬೇ ಮುರಿಯಬಹುದು.

ಇನ್ನು ಮೊಲ ಸಾಕಿ ಮಾರುವ ಬಂಧುಗಳಿಗೆ ಒಂದು ಮಾತು. ಚಿಕ್ಕಂದಿನಲ್ಲೇ ಹಲ್ಲು ಓರೆಯಾಗುವ ಬೇನೆ ಎಷ್ಟೋ ವೇಳೆ ವಂಶದಿಂದ ಬರುತ್ತದೆ. ಅಂಥ ಮೊಲದಿಂದ ಮರಿ ಮಾಡಿಸಬೇಡಿ. ಕೊಳ್ಳುವವರು ತುಟಿ ಎತ್ತಿ ನೋಡಿ: ಮೇಲಿನ ಬಾಚಿಹಲ್ಲು ಕೆಳಗಿನದಕ್ಕಿಂತ ತುಸು ಮುಂದೆ ಇರಬೇಕು. ನಾನು ಎತ್ತಿನ ಹಲ್ಲು ನೋಡದೆ ಎತ್ತು ಕೊಳ್ಳುವವನಲ್ಲ. ಮೊಲದ ಹಲ್ಲು ಮಾತ್ರ ನೋಡಲಿಲ್ಲ.

"ಇಷ್ಟೆಲ್ಲಾ ಯಾಕಪ್ಪಾ? ಮೊಲದ ಬೆಲೆಗಿಂತ ಔಷಧದ ಬೆಲೆ ಹೆಚ್ಚಾಯಿತಲ್ಲ" ಎಂದು ನೀವು ಕೇಳಿದರೆ, ಪ್ರಶ್ನೆ ಸರಿಯಾದದ್ದೇ. ನೂರು ಮೊಲ ಸಾಕುವವನಿಗೆ ಇಂಥದ್ದನ್ನು ಹಿಂಡಿನಿಂದ ಬೇರ್ಪಡಿಸಿ ಎಂದು ನಾನೇ ಹೇಳುತ್ತೇನೆ. ಮನೆಯೊಳಗೆ ಹೆಸರಿಟ್ಟು ಕರೆದ ಪ್ರಾಣಿಯ ಲೆಕ್ಕ ಬೇರೆ. ಅದರಲ್ಲೂ ಅರ್ಧ ನೋವು ನನ್ನ ಕೈಯಿಂದಲೇ ಬಂದದ್ದು. ಒಂದು ದಿನ ಮಗಳು, "ಅಪ್ಪಾ, ಹತ್ತಿಗೆ ವಾಸಿ ಆಗೋದು ಯಾವಾಗ?" ಎಂದು ಕೇಳಿದಳು. ವಾಸಿಯಾಗುವುದಿಲ್ಲ ಎಂದು ನಿಜ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಪುಸ್ತಕದಲ್ಲಿ ಇನ್ನೂ ಗೆರೆ ಹಾಕಬೇಕು" ಎಂದಳು.

ಈಗ ಹತ್ತಿ ಒಂದು ಕಿಲೋ ಏಳುನೂರೈವತ್ತು ಗ್ರಾಂ ಇದೆ. ಎರಡು ಮೂರು ತಿಂಗಳಿಗೊಮ್ಮೆ ಹಲ್ಲು ಸವೆಸಿಕೊಂಡು ಬಂದು, ಬೆರಳುದ್ದ ಹೆಚ್ಚಿದ ಗರಿಕೆ ತಿನ್ನುತ್ತದೆ. ನೋವಿಗೆ ಮದ್ದು ನಾಟದ ದಿನ, ಹುಲ್ಲಿನ ಹತ್ತಿರ ಬರಲೂ ಅದಕ್ಕೆ ಮನಸ್ಸಿಲ್ಲದ ದಿನ ಬಂದೀತು. ಆಗ ವೈದ್ಯರ ಕೈಯಲ್ಲಿ ನೋವಿಲ್ಲದ ಕೊನೆ ಕೊಡಿಸುವುದೂ ಆರೈಕೆಯೇ ಎಂದು ನಮ್ಮ ಮನೆಯಲ್ಲಿ ಈಗಲೇ ಮಾತಾಡಿಕೊಂಡಿದ್ದೇವೆ. ಆ ದಿನ ಇನ್ನೂ ಬಂದಿಲ್ಲ.

ಆದುದರಿಂದ ಬಾಂಧವರೇ, ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಮೊಲವಿದ್ದರೆ, ಇಂದು ಸಂಜೆ ಹೋಗಿ ಅದರ ಗದ್ದ ಮುಟ್ಟಿ ನೋಡಿ. ಒದ್ದೆಯಾಗಿದ್ದರೆ ನಾಳೆಯೇ ಪಶುವೈದ್ಯರಿಗೆ ತೋರಿಸಿ. ಒಣಗಿದ್ದರೆ ಒಂದು ಹಿಡಿ ಗರಿಕೆ ಹಾಕಿ ಬನ್ನಿ.